ವಿಕಿರಣ ಚಿಕಿತ್ಸೆ ಪಡೆದವರನ್ನು ದೂರವಿಡುವ ಭಯ ಎಲ್ಲಿಂದ ಬಂತು, ಅದರಲ್ಲಿ ನಿಜವೆಷ್ಟು?

ನಿತ್ಯ ಓದುಗಿ
ಎಲ್ಲರಿಗೂ ನಮಸ್ಕಾರ. ವೈದ್ಯಕೀಯ ಮತ್ತು ವಿಜ್ಞಾನದ ಹಿನ್ನೆಲೆಯವರು ಇಲ್ಲಿ ಅನೇಕರಿದ್ದೀರಿ ಎಂಬ ಧೈರ್ಯದಿಂದ ನಮ್ಮ ಮನೆಯ ವಿಷಯವನ್ನು ನಿಮ್ಮ ಮುಂದಿಡುತ್ತಿದ್ದೇನೆ. ನನ್ನ ಅಕ್ಕನಿಗೆ ಥೈರಾಯ್ಡ್ ಕ್ಯಾನ್ಸರ್ ಇತ್ತು. ಶಸ್ತ್ರಚಿಕಿತ್ಸೆ ಮಾಡಿ ಗ್ರಂಥಿಯನ್ನು ತೆಗೆದ ಮೇಲೆ, ಅಳಿದುಳಿದ ಜೀವಕೋಶಗಳನ್ನು ನಾಶಪಡಿಸುವುದಕ್ಕೆಂದು ಅಯೋಡಿನ್-131 ಎಂಬ ವಿಕಿರಣಶೀಲ ಔಷಧ ಕೊಟ್ಟರು. ಸೀಸದ ದಪ್ಪ ಡಬ್ಬಿಯ ಮುಚ್ಚಳ ತೆರೆದು, ಒಳಗಿದ್ದ ಒಂದೇ ಒಂದು ಗುಳಿಗೆಯನ್ನು ಅಕ್ಕನ ಮುಂದಿಟ್ಟು, ಸಿಬ್ಬಂದಿ ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದು ನಿಂತರಂತೆ. ಆ ಕೋಣೆಯ ಬಾಗಿಲಿನ ಹಿಡಿಕೆ, ಫೋನು, ನಲ್ಲಿ ಎಲ್ಲಕ್ಕೂ ಪ್ಲಾಸ್ಟಿಕ್ ಹಾಳೆ ಸುತ್ತಿದ್ದರಂತೆ. ಮೂರು ದಿನ ಅಲ್ಲಿ ಒಬ್ಬಳೇ ಇದ್ದು ಮನೆಗೆ ಬಂದಳು. ಮನೆಯಲ್ಲೂ ಮೂರು ವಾರ ಬೇರೆ ಕೋಣೆಯಲ್ಲಿ ಮಲಗಿ, ಬೇರೆ ತಟ್ಟೆ ಲೋಟ ಬಳಸಿ, ಹೇಳಿದ ಪಥ್ಯಗಳನ್ನೆಲ್ಲ ಚಾಚೂ ತಪ್ಪದೆ ಪಾಲಿಸಿದಳು.

ಅದೆಲ್ಲ ಮುಗಿದು ಈಗ ನಾಲ್ಕು ತಿಂಗಳಾಗಿದೆ. ಅಕ್ಕ ಮಕ್ಕಳಿಗೆ ಮನೆಯಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಒಂಬತ್ತು ಮಕ್ಕಳಲ್ಲಿ ಒಬ್ಬರೂ ಮರಳಿ ಬಂದಿಲ್ಲ. ಕೇಳಿದರೆ, "ಆರು ತಿಂಗಳು ಎಚ್ಚರವಾಗಿರಬೇಕೆಂದು ಆಸ್ಪತ್ರೆಯವರೇ ಹೇಳಿದ್ದಾರಂತಲ್ಲ" ಎನ್ನುತ್ತಾರೆ. ಕಳೆದ ವಾರ ಲಿಫ್ಟಿನ ಬಾಗಿಲು ತೆರೆದಾಗ ಒಳಗಿದ್ದ ತಾಯಿಯೊಬ್ಬರು ಅಕ್ಕನನ್ನು ಕಂಡವರೇ ಮಗುವನ್ನು ಎತ್ತಿಕೊಂಡು ಹೊರಬಂದು ಮೆಟ್ಟಿಲು ಹತ್ತಿ ಹೋದರು. ಅಕ್ಕ ಅಂದು ರಾತ್ರಿ ಊಟ ಮಾಡಲಿಲ್ಲ.

ನನ್ನ ಪ್ರಶ್ನೆಗಳು ಎರಡು. ನಾಲ್ಕು ತಿಂಗಳ ನಂತರವೂ ಆಕೆಯಿಂದ ಯಾರಿಗಾದರೂ ಅಪಾಯವಿದೆಯೇ? ಇಲ್ಲವೆಂದಾದರೆ, ಇಷ್ಟು ಜನರ ಜೀವ ಉಳಿಸುತ್ತಿರುವ ಈ ವಿಕಿರಣದ ಬಗ್ಗೆ ವಿದ್ಯಾವಂತರಲ್ಲೂ ಇಂಥ ಭಯ ಉಳಿದಿರುವುದು ಏಕೆ?

ಅಳತೆಗಾರ
ನಾನು ಇಪ್ಪತ್ತು ವರ್ಷಗಳಿಂದ ವಿಕಿರಣ ಸುರಕ್ಷತೆಯ ಕೆಲಸದಲ್ಲಿದ್ದೇನೆ. ಮೊದಲ ಪ್ರಶ್ನೆಗೆ ಕಾಗದ ಪೆನ್ನು ಹಿಡಿದೇ ಉತ್ತರ ಕೊಡಬಹುದು.

ಅಯೋಡಿನ್-131ರ ಅರ್ಧಾಯುಷ್ಯ 8 ದಿನ. ಅಂದರೆ ಪ್ರತಿ 8 ದಿನಕ್ಕೊಮ್ಮೆ ಅದು ಅರ್ಧಕ್ಕರ್ಧ ಇಳಿಯುತ್ತದೆ. ನಾಲ್ಕು ತಿಂಗಳು ಎಂದರೆ 120 ದಿನ, ಅಂದರೆ ಹದಿನೈದು ಸಲ ಅರ್ಧವಾಗಿದೆ. ಎರಡನ್ನು ಎರಡರಿಂದ ಗುಣಿಸುತ್ತ ಹದಿನೈದನೆಯ ಹೆಜ್ಜೆಗೆ ಹೋದರೆ 32,768 ಬರುತ್ತದೆ. ನುಂಗಿದ್ದೆಲ್ಲವೂ ದೇಹದಲ್ಲೇ ಕುಳಿತಿತ್ತು ಎಂದುಕೊಂಡರೂ ಇಂದು ಉಳಿದಿರುವುದು ಮೂವತ್ತೆರಡು ಸಾವಿರದಲ್ಲಿ ಒಂದು ಪಾಲು. ವಾಸ್ತವದಲ್ಲಿ, ಗ್ರಂಥಿಯನ್ನು ತೆಗೆದವರಲ್ಲಿ ಬಹುಪಾಲು ಅಯೋಡಿನ್ ಮೊದಲ ಎರಡು ದಿನಗಳಲ್ಲೇ ಮೂತ್ರದೊಂದಿಗೆ ಹೊರಹೋಗಿರುತ್ತದೆ. ಆ ಪ್ಲಾಸ್ಟಿಕ್ ಹಾಳೆಗಳು ಇದ್ದದ್ದೂ ಅದಕ್ಕೇ, ಬೆವರು ಮತ್ತು ಎಂಜಲಿನಲ್ಲಿಯೂ ಸ್ವಲ್ಪ ಹೊರಬರುವುದರಿಂದ. ಹೀಗಾಗಿ ನಿಮ್ಮ ಅಕ್ಕನವರು ಪಕ್ಕದಲ್ಲಿ ಕುಳಿತರೆ ಮಗುವಿಗೆ ಯಾವ ಅಪಾಯವೂ ಇಲ್ಲ.

ಆದರೆ ಮೊದಲ ಮೂರು ವಾರ ಅವರು ದೂರವಿದ್ದದ್ದು ಸರಿ. ಆಗ ಅವರು ನಿಜಕ್ಕೂ ವಿಕಿರಣದ ಆಕರವಾಗಿದ್ದರು. ಇದನ್ನು ಮುಚ್ಚಿಟ್ಟು "ಏನೂ ಇರಲೇ ಇಲ್ಲ" ಎಂದು ಅಕ್ಕಪಕ್ಕದವರಿಗೆ ಹೇಳಿದರೆ ಅವರು ಮುಂದಿನ ಮಾತನ್ನೂ ನಂಬುವುದಿಲ್ಲ. ಇನ್ನೊಂದು ಬಗೆಯ ಚಿಕಿತ್ಸೆಯಲ್ಲಿ, ಅಂದರೆ ಕೋಬಾಲ್ಟ್ ಯಂತ್ರದ ಕೆಳಗೆ ಮಲಗಿಸಿ ಹೊರಗಿನಿಂದ ಗಾಮಾ ಕಿರಣ ಹಾಯಿಸುವಾಗ, ರೋಗಿ ಒಂದು ಕ್ಷಣವೂ ಆಕರವಾಗುವುದಿಲ್ಲ. ದೀಪದ ಬೆಳಕಿನಲ್ಲಿ ನಿಂತವರು ದೀಪವಾಗುವುದಿಲ್ಲವಲ್ಲ, ಹಾಗೆ. ವಿಕಿರಣಕ್ಕೆ ಒಡ್ಡಿಕೊಳ್ಳುವುದು ಬೇರೆ, ವಿಕಿರಣಶೀಲ ವಸ್ತುವನ್ನು ಮೈಯಲ್ಲಿ ಹೊತ್ತಿರುವುದು ಬೇರೆ. ನಮ್ಮ ಮಾತಿನಲ್ಲಿ ಎರಡಕ್ಕೂ "ರೇಡಿಯೇಶನ್ ಆಗಿದೆ" ಎಂಬ ಒಂದೇ ಪದವಿದೆ. ಗೊಂದಲದ ಬೇರು ಅಲ್ಲಿದೆ ಎಂದು ನನ್ನ ಅನಿಸಿಕೆ.

ಹಳೆಯ ಮೇಷ್ಟ್ರು
ಅಳತೆಗಾರರ ಮಾತಿಗೆ ಒಂದು ಸಣ್ಣ ತಿದ್ದುಪಡಿ. ದೀಪದ ಹೋಲಿಕೆ ಗಾಮಾ ಕಿರಣಕ್ಕೆ ಸರಿಹೊಂದುತ್ತದೆ, ನ್ಯೂಟ್ರಾನಿಗೆ ಹೊಂದುವುದಿಲ್ಲ. ನ್ಯೂಟ್ರಾನ್ ತಾಗಿದ ವಸ್ತು ತಾನೇ ವಿಕಿರಣಶೀಲವಾಗಬಲ್ಲದು. ಸಾಮಾನ್ಯ ಕೋಬಾಲ್ಟ್-59 ಅನ್ನು ರಿಯಾಕ್ಟರಿನೊಳಗೆ ನ್ಯೂಟ್ರಾನಿಗೆ ಒಡ್ಡಿಯೇ ಕೋಬಾಲ್ಟ್-60 ತಯಾರಿಸುವುದು.

ಅಳತೆಗಾರ
ಒಪ್ಪಿದೆ ಮೇಷ್ಟ್ರೇ, ತಿದ್ದಿದ್ದು ಒಳ್ಳೆಯದಾಯಿತು.

ಮಳೆಬಿಲ್ಲು
ನಿಮ್ಮ ಅಕ್ಕನವರ ವಿಷಯ ಓದಿ ಬಹಳ ನೋವಾಯಿತು. ಅವರಿಗೆ ನನ್ನ ನಮಸ್ಕಾರ ತಿಳಿಸಿ.

ಸಂದೇಹವಾದಿ
ನಿತ್ಯ ಓದುಗಿಯವರ ಮನೆಯ ನೋವು ನನಗೂ ಅರ್ಥವಾಗುತ್ತದೆ, ನೆರೆಯವರು ನಡೆದುಕೊಂಡ ರೀತಿ ತಪ್ಪು. ಆದರೆ "ಭಯ ಏಕೆ ಉಳಿದಿದೆ" ಎಂಬ ಪ್ರಶ್ನೆಗೆ "ಅಜ್ಞಾನ" ಎಂದಷ್ಟೇ ಹೇಳಿ ಮುಗಿಸಲು ನಾನು ಬಿಡುವುದಿಲ್ಲ. ಆ ಭಯ ಆಕಾಶದಿಂದ ಉದುರಿದ್ದಲ್ಲ.

ಮೇರಿ ಮತ್ತು ಪಿಯರ್ ಕ್ಯೂರಿ ರೇಡಿಯಂ ಕಂಡುಹಿಡಿದದ್ದು 1898ರಲ್ಲಿ. ಇಪ್ಪತ್ತು ವರ್ಷ ಕಳೆಯುವುದರೊಳಗೆ ಅದನ್ನು ಬಣ್ಣದಲ್ಲಿ ಬೆರೆಸಿ, ಕತ್ತಲಲ್ಲಿ ಹೊಳೆಯುವ ಗಡಿಯಾರದ ಅಂಕಿಗಳನ್ನು ಬರೆಯುವ ಕಾರ್ಖಾನೆಗಳು ಅಮೆರಿಕದಲ್ಲಿ ಎದ್ದವು. ಅಲ್ಲಿ ಕೆಲಸಕ್ಕಿದ್ದವರು ಬಹುತೇಕ ಹದಿಹರೆಯದ ಹುಡುಗಿಯರು. ಕುಂಚದ ತುದಿ ಚೂಪಾಗಿರಬೇಕೆಂದು ಪ್ರತಿ ಅಂಕಿಗೂ ಅದನ್ನು ತುಟಿಗಳ ನಡುವೆ ಒತ್ತಿ ತೆಗೆಯುವಂತೆ ಅವರಿಗೆ ಕಲಿಸಿದ್ದರು. ಇದರಿಂದ ಏನೂ ಆಗುವುದಿಲ್ಲವೆಂದು ಹೇಳಿದ್ದರು. ಅದೇ ಕಟ್ಟಡದಲ್ಲಿ ರೇಡಿಯಂ ಮುಟ್ಟುವ ರಸಾಯನಶಾಸ್ತ್ರಜ್ಞರು ಮಾತ್ರ ಸೀಸದ ಪರದೆ, ಇಕ್ಕಳ ಬಳಸುತ್ತಿದ್ದರು! ರೇಡಿಯಂ ಕ್ಯಾಲ್ಸಿಯಂನಂತೆ ವರ್ತಿಸಿ ಮೂಳೆಯೊಳಗೆ ಸೇರಿಕೊಳ್ಳುತ್ತದೆ. ಕೆಲವೇ ವರ್ಷಗಳಲ್ಲಿ ಆ ಹುಡುಗಿಯರ ಹಲ್ಲು ಉದುರಿ, ದವಡೆಯ ಮೂಳೆ ಕೊಳೆಯಿತು. ನ್ಯೂಜೆರ್ಸಿಯ ಐವರು ಮಹಿಳೆಯರು ಹೂಡಿದ ಮೊಕದ್ದಮೆ ರಾಜಿಯಲ್ಲಿ ಮುಗಿಯುವ ಹೊತ್ತಿಗೆ 1928 ಆಗಿತ್ತು. ಅಲ್ಲಿಯವರೆಗೆ ಅವರ ಕಾಯಿಲೆಗೆ ಬೇರೆ ಬೇರೆ ಕಾರಣಗಳನ್ನು ಕಟ್ಟಿ ಹೇಳಲಾಯಿತು, ಅವರ ನಡತೆಯ ಮೇಲೂ ಕೆಸರೆರಚಲಾಯಿತು.

ಆಮೇಲೆ ಬಂದದ್ದು ಬಯಲಿನ ಅಣುಬಾಂಬ್ ಪರೀಕ್ಷೆಗಳ ಕಾಲ. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ 1958ರಿಂದ ಮಕ್ಕಳ ಉದುರಿದ ಹಾಲುಹಲ್ಲುಗಳನ್ನು ಸಂಗ್ರಹಿಸಿ ಪರೀಕ್ಷಿಸಿದಾಗ, ಬಾಂಬಿನ ಧೂಳಿನಲ್ಲಿದ್ದ ವಿಕಿರಣಶೀಲ ಸ್ಟ್ರಾನ್ಷಿಯಂ-90 ಅವುಗಳಲ್ಲಿ ವರ್ಷದಿಂದ ವರ್ಷಕ್ಕೆ ಏರುತ್ತಿರುವುದು ಕಂಡಿತು. ಬಯಲು ಪರೀಕ್ಷೆಗಳನ್ನು ನಿಷೇಧಿಸುವ ಒಪ್ಪಂದ 1963ರಲ್ಲಿ ಆಗುವುದಕ್ಕೆ ಇಂಥ ಆತಂಕವೂ ಒತ್ತಾಸೆಯಾಯಿತು. ಆದ್ದರಿಂದ ಜನರ ಭಯವನ್ನು ಬರೀ ರೋಗವೆಂಬಂತೆ ನೋಡಬೇಡಿ. ಎಷ್ಟೋ ಸಲ ಅಧಿಕೃತ ಭರವಸೆಗಿಂತ ಆ ಭಯವೇ ನಿಜವಾಗಿದೆ.

ಅಳತೆಗಾರ
ಸಂದೇಹವಾದಿಯವರೇ, ನೀವು ಹೇಳಿದ ಒಂದು ಮಾತನ್ನೂ ನಾನು ಅಲ್ಲಗಳೆಯುವುದಿಲ್ಲ. ನಾನು ದಿನವೂ ಬಳಸುವ ಮಿತಿಗಳ ಹಿಂದೆ ಆ ಹುಡುಗಿಯರೇ ಇದ್ದಾರೆ. ಅವರ ಮೂಳೆಗಳಲ್ಲಿದ್ದ ರೇಡಿಯಂ ಅಳೆದು, ಯಾರಿಗೆ ಕಾಯಿಲೆ ಬಂತು, ಯಾರಿಗೆ ಬರಲಿಲ್ಲ ಎಂದು ನೋಡಿಯೇ 1941ರಲ್ಲಿ ಅಮೆರಿಕದಲ್ಲಿ ದೇಹದೊಳಗಿನ ರೇಡಿಯಂಗೆ 0.1 ಮೈಕ್ರೋಕ್ಯೂರಿ (ವಿಕಿರಣಶೀಲತೆಯ ಅಳತೆ) ಎಂಬ ಮಿತಿ ಹಾಕಿದ್ದು. ಮುಂದೆ ಪ್ಲುಟೋನಿಯಂ ಜೊತೆ ಕೆಲಸ ಮಾಡಿದವರ ರಕ್ಷಣೆಗೂ ಅದೇ ಆಧಾರವಾಯಿತು.

ನನ್ನ ಆಕ್ಷೇಪ ಬೇರೆಯೇ. ಭಯ ಸಕಾರಣವಾಗಿದ್ದರೂ ಅದು ತಪ್ಪು ವಿಳಾಸಕ್ಕೆ ಹೋಗುತ್ತಿದೆ. ಹೆದರಬೇಕಾದ ವಸ್ತುವನ್ನು ಗುರುತಿಸದವರು, ಹೆದರಬೇಕಿಲ್ಲದ ಮನುಷ್ಯರನ್ನು ಕಂಡು ಓಡುತ್ತಾರೆ.

ಕಡತಪ್ರಿಯ
ಅಳತೆಗಾರರ ಕೊನೆಯ ಮಾತಿಗೆ ಗೋಯಾನಿಯಾದಷ್ಟು ಸ್ಪಷ್ಟವಾದ ಉದಾಹರಣೆ ಬೇರೆ ಇರಲಾರದು. ಬಲ್ಲವರು ಕ್ಷಮಿಸಬೇಕು, ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಬ್ರೆಜಿಲ್ ದೇಶದ ಗೋಯಾನಿಯಾ ನಗರದಲ್ಲಿ ಒಂದು ಖಾಸಗಿ ಚಿಕಿತ್ಸಾಲಯ ಬೇರೆ ಕಟ್ಟಡಕ್ಕೆ ಹೋಗುವಾಗ ಹಳೆಯ ಕ್ಯಾನ್ಸರ್ ಚಿಕಿತ್ಸೆಯ ಯಂತ್ರವನ್ನು ಅಲ್ಲಿಯೇ ಬಿಟ್ಟುಹೋಗಿತ್ತು. ಅದರೊಳಗೆ ಸುಮಾರು 93 ಗ್ರಾಂ ವಿಕಿರಣಶೀಲ ಸೀಸಿಯಂ ಕ್ಲೋರೈಡ್ ಪುಡಿ ಇತ್ತು. 1987ರ ಸೆಪ್ಟೆಂಬರಿನಲ್ಲಿ ಇಬ್ಬರು ಯುವಕರು ಒಳ್ಳೆಯ ಲೋಹ ಸಿಗುತ್ತದೆಂದು ಅದನ್ನು ಕಳಚಿ ಒಯ್ದು ಗುಜರಿಯವನಿಗೆ ಮಾರಿದರು. ರಾತ್ರಿ ಆ ಕೋಶದಿಂದ ನೀಲಿ ಬೆಳಕು ಹೊಮ್ಮುವುದನ್ನು ಕಂಡ ಗುಜರಿಯವನು ಅದನ್ನು ಅಮೂಲ್ಯ ವಸ್ತುವೆಂದು ತಿಳಿದು ಮನೆಯೊಳಗೆ ತಂದಿಟ್ಟ. ನೆಂಟರಿಷ್ಟರನ್ನು ಕರೆದು ತೋರಿಸಿ, ಅಕ್ಕಿಕಾಳಿನಷ್ಟು ಗಾತ್ರದ ಚೂರುಗಳನ್ನು ಹಂಚಿದ. ಆರು ವರ್ಷದ ಬಾಲಕಿಯೊಬ್ಬಳು ಆ ಪುಡಿ ಅಂಟಿದ ಕೈಯಲ್ಲೇ ಊಟ ಮಾಡಿದಳು. ಮನೆಮಂದಿಯೆಲ್ಲ ಒಟ್ಟಿಗೆ ವಾಂತಿ ಮಾಡಿಕೊಳ್ಳುತ್ತಿರುವುದಕ್ಕೂ ಆ ವಸ್ತುವಿಗೂ ನಂಟಿದೆ ಎಂದು ಮೊದಲು ಊಹಿಸಿದ್ದು ಯಾವ ವೈದ್ಯರೂ ಅಲ್ಲ, ಗುಜರಿಯವನ ಹೆಂಡತಿ. ಆಕೆ ಅದನ್ನು ಚೀಲದಲ್ಲಿ ಹಾಕಿಸಿಕೊಂಡು, ಬಸ್ಸಿನಲ್ಲಿ ಆರೋಗ್ಯ ಇಲಾಖೆಯ ಕಚೇರಿಗೆ ಒಯ್ದು ವೈದ್ಯರ ಮೇಜಿನ ಮೇಲಿಟ್ಟಳು. ಅಕ್ಟೋಬರಿನಲ್ಲಿ ಆಕೆಯೂ ಆ ಬಾಲಕಿಯೂ ಒಂದೇ ದಿನ ತೀರಿಕೊಂಡರು. ಒಟ್ಟು ನಾಲ್ವರು ಸತ್ತರು.

ಇಲ್ಲಿಯವರೆಗಿನದು ಗುರುತಿಸದೆ ಆದ ಅನಾಹುತ. ಇನ್ನು ಮುಂದಿನದು ಗುರುತಿಸಿದ ಮೇಲಿನದು. 1,12,000ಕ್ಕೂ ಹೆಚ್ಚು ಜನರನ್ನು ಕ್ರೀಡಾಂಗಣದಲ್ಲಿ ಸಾಲು ನಿಲ್ಲಿಸಿ ಪರೀಕ್ಷಿಸಿದರು. ವಿಕಿರಣಶೀಲ ವಸ್ತು ತಾಗಿದ್ದು 249 ಜನರಿಗೆ. ಆದರೂ ಇಡೀ ಊರಿನವರನ್ನು ಹೊರಗಿನವರು ದೂರವಿಟ್ಟರು. ಹೋಟೆಲುಗಳು ಕೋಣೆ ಕೊಡಲಿಲ್ಲ, ಆ ಪ್ರದೇಶದ ಬೆಳೆಯನ್ನು ವ್ಯಾಪಾರಿಗಳು ಕೊಳ್ಳಲಿಲ್ಲ. "ನನಗೆ ಏನೂ ತಾಗಿಲ್ಲ" ಎಂಬ ಪ್ರಮಾಣಪತ್ರವನ್ನು ಸಾವಿರಾರು ಜನ ಪಡೆದು ಕೈಯಲ್ಲಿ ಹಿಡಿದು ಓಡಾಡಬೇಕಾಯಿತು. ಬಾಲಕಿಯನ್ನು ಸೀಸದ ಪೆಟ್ಟಿಗೆಯಲ್ಲಿ ಸ್ಮಶಾನಕ್ಕೆ ತಂದಾಗ ಜನ ಗುಂಪುಗೂಡಿ ತಡೆದರು, ಕಲ್ಲು ತೂರಿದರು. ಆ ದಿನದ ವರದಿಯನ್ನು ಮೊದಲ ಸಲ ಓದಿದಾಗ ನನಗೆ ಮುಂದಕ್ಕೆ ಓದಲಾಗದೆ ಎದ್ದುಹೋಗಿದ್ದೆ.

ಮಳೆಬಿಲ್ಲು
ಯಂತ್ರದ ಮೇಲೆ ಎಚ್ಚರಿಕೆಯ ಗುರುತು ಇರಲಿಲ್ಲವೇ?

ಅಳತೆಗಾರ
ಮೂರು ದಳಗಳ ಗುರುತನ್ನು ಓದಿಕೊಂಡವರಷ್ಟೇ ಬಲ್ಲರು. ಉಳಿದವರ ಕಣ್ಣಿಗೆ ಅದು ಒಂದು ಫ್ಯಾನಿನ ಚಿತ್ರ. ಇದನ್ನು ಮನಗಂಡೇ 2007ರಲ್ಲಿ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯು ಮತ್ತೊಂದು ಗುರುತನ್ನು ಪ್ರಕಟಿಸಿತು. ಕೆಂಪು ತ್ರಿಕೋನದೊಳಗೆ ಮೇಲೆ ಕಿರಣ ಸೂಸುವ ಮೂರು ದಳ, ಕೆಳಗೆ ತಲೆಬುರುಡೆ, ಪಕ್ಕದಲ್ಲಿ ಓಡುತ್ತಿರುವ ಮನುಷ್ಯ. ಅದನ್ನು ಯಂತ್ರದ ಹೊರಮೈ ಮೇಲೆ ಹಚ್ಚುವುದಿಲ್ಲ. ಯಂತ್ರವನ್ನು ಕಳಚಲು ಹೊರಟವನಿಗೆ ಮಾತ್ರ ಕಾಣುವಂತೆ ಒಳಗಿನ ಕವಚದ ಮೇಲೆ ಹಚ್ಚುತ್ತಾರೆ.

ಕಡತಪ್ರಿಯ
ಗುರುತಿನ ಜೊತೆಗೆ ವಿಕಿರಣ ಅಳೆಯುವ ಮೀಟರೂ ಬೇಕು. ಮೆಕ್ಸಿಕೋದ ಸಿಯುದಾದ್ ಹುವಾರೆಜ್ ನಗರದಲ್ಲಿ 1983ರ ಕೊನೆಯಲ್ಲಿ ಕೋಬಾಲ್ಟ್ ಯಂತ್ರವೊಂದು ಗುಜರಿಗೆ ಸೇರಿ, ಅದರೊಳಗಿನ ಸಾವಿರಾರು ವಿಕಿರಣಶೀಲ ಕಾಳುಗಳು ಉಕ್ಕಿನ ಕುಲುಮೆಗೆ ಹೋಗಿ ಕಬ್ಬಿಣದ ಸರಳುಗಳಾಗಿ, ಮೇಜಿನ ಕಾಲುಗಳಾಗಿ ಹೊರಬಂದವು. ಅದು ಬಯಲಾದದ್ದು ಕೇವಲ ಆಕಸ್ಮಿಕ. ಸರಳು ತುಂಬಿದ ಲಾರಿಯೊಂದು 1984ರ ಜನವರಿಯಲ್ಲಿ ದಾರಿ ತಪ್ಪಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ಹತ್ತಿರ ಬಂದು, ಅಲ್ಲಿನ ಎಚ್ಚರಿಕೆಯ ಗಂಟೆ ಬಾರಿಸಿತು. ದೆಹಲಿಯ ಮಾಯಾಪುರಿಯಲ್ಲಿ 2010ರಲ್ಲಿ ಹರಾಜಾದ ಹಳೆಯ ಪ್ರಯೋಗಾಲಯದ ಉಪಕರಣದಿಂದ ಹೊರಬಿದ್ದ ಕೋಬಾಲ್ಟ್-60 ಗುಜರಿ ಕೆಲಸದ ಒಬ್ಬರನ್ನು ಬಲಿ ತೆಗೆದುಕೊಂಡಿತು.

ಬೆಸುಗೆ ಪರೀಕ್ಷಕ
ಈ ಚರ್ಚೆಯಲ್ಲಿ ಆಸ್ಪತ್ರೆಯ ಮಾತೇ ಹೆಚ್ಚು ಬಂದಿದೆ. ಕಾರ್ಖಾನೆಯ ಕಡೆಯಿಂದಲೂ ಒಂದು ಮಾತು ಇರಲಿ. ನಾನು ಹನ್ನೆರಡು ವರ್ಷ ಕೊಳವೆಗಳ ಬೆಸುಗೆ ಪರೀಕ್ಷಿಸುವ ಕೆಲಸ ಮಾಡಿದವನು. ಬೆಸುಗೆಯ ಒಳಗಿನ ಬಿರುಕು ಹೊರಗಿನ ಕಣ್ಣಿಗೆ ಕಾಣುವುದಿಲ್ಲ. ಒಂದು ಕಡೆ ಫಿಲ್ಮ್ ಕಟ್ಟಿ, ಇನ್ನೊಂದು ಕಡೆ ಇರಿಡಿಯಂ-192 ಇಟ್ಟರೆ ಬೆಸುಗೆಯ ಒಳಗೆಲ್ಲ ಕಾಣುತ್ತದೆ. ಆ ಇರಿಡಿಯಂ ತುಣುಕು ಪೆನ್ಸಿಲಿನ ಮೊನೆಯಷ್ಟೇ ಇರುತ್ತದೆ. ನಾವು ಕ್ಯಾಮೆರಾ ಎಂದು ಕರೆಯುವ ಭಾರದ ಪೆಟ್ಟಿಗೆಯಲ್ಲಿ ಅದು ಕುಳಿತಿರುತ್ತದೆ. ದೂರದಿಂದ ಹಿಡಿಕೆ ತಿರುಗಿಸಿದರೆ ತಂತಿಯ ತುದಿಯಲ್ಲಿ ಹೊರಗೆ ಹೋಗುತ್ತದೆ, ಹಿಂದಕ್ಕೆ ತಿರುಗಿಸಿದರೆ ಒಳಗೆ ಬರುತ್ತದೆ.

ಒಂದು ರಾತ್ರಿ ಎರಡನೆಯ ಪಾಳಿಯಲ್ಲಿ ಹಿಡಿಕೆಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದೆ. ಕೈಗೆ ಎಂದಿನಂತೆಯೇ ಅನಿಸಿತು. ನನ್ನ ಜೊತೆಗಾರ ಫಿಲ್ಮ್ ಬಿಚ್ಚಲು ಹೊರಟಿದ್ದ. ನಾನು ಸರ್ವೇ ಮೀಟರ್ ಹಿಡಿದು ಮುಂದೆ ನಡೆದಾಗ ಮುಳ್ಳು ಕೆಳಗಿಳಿಯುವ ಬದಲು ಮೇಲಕ್ಕೇ ಹೋಗುತ್ತಿತ್ತು. ತಂತಿಯ ಕೊಂಡಿ ಕಳಚಿ ತುಣುಕು ಕೊಳವೆಯಲ್ಲೇ ಉಳಿದಿತ್ತು. ಅವನ ಅಂಗಿ ಹಿಡಿದು ಹಿಂದಕ್ಕೆಳೆದೆ. ಸುತ್ತ ಹಗ್ಗ ಕಟ್ಟಿ, ತರಬೇತಿ ಪಡೆದವರು ಬಂದು ಅದನ್ನು ಮರಳಿ ಕವಚಕ್ಕೆ ಸೇರಿಸುವವರೆಗೆ ಬೆಳಗಿನ ತನಕ ಕಾವಲು ನಿಂತೆವು. ಮೇಲ್ವಿಚಾರಕರು ಬಂದವರು ಮೊದಲು ಕೇಳಿದ್ದು, "ದಾಖಲೆ ಪುಸ್ತಕದಲ್ಲಿ ಬರೆದಿಲ್ಲ ತಾನೇ?" ಎಂದು. ನಾನು ಬರೆದಿದ್ದೆ. ಮುಂದಿನ ತಿಂಗಳಿಂದ ಆ ಕಂಪನಿ ನನ್ನನ್ನು ಕೆಲಸಕ್ಕೆ ಕರೆಯಲಿಲ್ಲ. ಹೆಸರು ಇಲ್ಲಿ ಬೇಡ.

ಕೊಳವೆ ಸಿಡಿದು ಜನ ಸಾಯದಿರಲಿ ಎಂದು ಮಾಡುವ ಕೆಲಸ ಇದು, ಈ ಕೆಲಸದ ಬಗ್ಗೆ ನನಗೆ ಇಂದಿಗೂ ಹೆಮ್ಮೆಯಿದೆ. ಆದರೆ ಇಲ್ಲಿ ವಿಕಿರಣಕ್ಕಿಂತ ಹೆಚ್ಚಾಗಿ ನನ್ನನ್ನು ಹೆದರಿಸಿದ್ದು ಆ ಪ್ರಶ್ನೆ.

ಸಂದೇಹವಾದಿ
ನಾನು ಹೇಳುತ್ತಿದ್ದುದೂ ಇದನ್ನೇ. ನಿಯಮ ಪುಸ್ತಕದಲ್ಲಿರುತ್ತದೆ, ಬರೆದವನು ಕೆಲಸ ಕಳೆದುಕೊಳ್ಳುತ್ತಾನೆ. ಬೆಸುಗೆ ಪರೀಕ್ಷಕರೇ, ನಿಮಗೆ ಕೈ ಮುಗಿಯುತ್ತೇನೆ.

ಗದ್ದೆಬದು
ಕೃಷಿಯ ಮಾತನ್ನೂ ಸೇರಿಸಬಹುದೇ? ಬೀಜಗಳಿಗೆ ಗಾಮಾ ಕಿರಣ ಹಾಯಿಸಿ, ಬದಲಾದ ಗುಣಗಳಲ್ಲಿ ಬೇಕಾದದ್ದನ್ನು ಆರಿಸಿ ಬೆಳೆಸುವ ವಿಧಾನ ಬಹಳ ಹಳೆಯದು. ಹೀಗೆ ಉತ್ಪರಿವರ್ತನೆಯಿಂದ ಪಡೆದ 3,000ಕ್ಕೂ ಹೆಚ್ಚು ತಳಿಗಳು ಜಗತ್ತಿನಲ್ಲಿ ದಾಖಲಾಗಿವೆ, ಬಹುಪಾಲು ವಿಕಿರಣದಿಂದಲೇ ಬಂದವು. ನನಗೆ ಇನ್ನೂ ಹೆಚ್ಚು ಇಷ್ಟವಾದದ್ದು ಕೀಟಗಳ ಕಥೆ. ಜಾನುವಾರುಗಳ ಗಾಯದಲ್ಲಿ ಮೊಟ್ಟೆಯಿಟ್ಟು, ಮರಿಹುಳುಗಳು ಹಸಿ ಮಾಂಸವನ್ನೇ ತಿನ್ನುವ ಸ್ಕ್ರೂವರ್ಮ್ ಎಂಬ ನೊಣವಿದೆ. ಅದರ ಹೆಣ್ಣು ಸಾಮಾನ್ಯವಾಗಿ ಜೀವನದಲ್ಲಿ ಒಮ್ಮೆ ಮಾತ್ರ ಕೂಡುತ್ತದೆ. ಅಮೆರಿಕದ ಕೀಟವಿಜ್ಞಾನಿಗಳಾದ ಎಡ್ವರ್ಡ್ ನಿಪ್ಲಿಂಗ್ ಮತ್ತು ರೇಮಂಡ್ ಬುಶ್‌ಲ್ಯಾಂಡ್ ಈ ಒಂದು ಸಂಗತಿಯನ್ನೇ ಹಿಡಿದುಕೊಂಡರು. ವಿಕಿರಣದಿಂದ ಬಂಜೆಯಾಗಿಸಿದ ಗಂಡು ನೊಣಗಳನ್ನು ರಾಶಿ ರಾಶಿಯಾಗಿ ಬಿಟ್ಟರೆ, ಅವುಗಳನ್ನು ಕೂಡಿದ ಹೆಣ್ಣಿನ ಮೊಟ್ಟೆ ಒಡೆಯುವುದೇ ಇಲ್ಲ. 1954ರಲ್ಲಿ ಕೆರಿಬಿಯನ್ ಸಮುದ್ರದ ಕುರಸಾವೋ ದ್ವೀಪದಲ್ಲಿ ಮಾಡಿ ನೋಡಿದರು. ಕೆಲವೇ ತಿಂಗಳಲ್ಲಿ ದ್ವೀಪ ನೊಣಮುಕ್ತವಾಯಿತು. ಒಂದು ಹನಿ ಕೀಟನಾಶಕವಿಲ್ಲದೆ ಇದನ್ನು ಸಾಧಿಸುವ ದಾರಿಯಿದೆ ಎಂಬುದನ್ನು ಎಷ್ಟು ಜನ ಬಲ್ಲರು?

ಆಹಾರಕ್ಕೆ ವಿಕಿರಣ ಹಾಯಿಸುವುದರ ಬಗ್ಗೆಯೂ ಇದೇ ಗೊಂದಲ. ಆಲೂಗಡ್ಡೆ, ಈರುಳ್ಳಿ ಮೊಳೆಯದಂತೆ, ಮಸಾಲೆ ಪದಾರ್ಥಗಳಲ್ಲಿ ರೋಗಾಣು ಉಳಿಯದಂತೆ ಕೋಬಾಲ್ಟ್-60ರ ಗಾಮಾ ಕಿರಣ ಬಳಸುತ್ತಾರೆ. ಆ ಕಿರಣಕ್ಕೆ ಆಹಾರವನ್ನು ವಿಕಿರಣಶೀಲಗೊಳಿಸುವ ಶಕ್ತಿಯಿಲ್ಲ. 10 ಕಿಲೋಗ್ರೇ (ವಸ್ತು ಹೀರಿಕೊಂಡ ವಿಕಿರಣದ ಅಳತೆ) ವರೆಗಿನ ಪ್ರಮಾಣದಿಂದ ವಿಷಕಾರಿ ಪರಿಣಾಮವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಪಾಲ್ಗೊಂಡ ತಜ್ಞರ ಸಮಿತಿ 1980ರಲ್ಲೇ ಹೇಳಿತ್ತು.

ಸಂದೇಹವಾದಿ
ಗದ್ದೆಬದು ಅವರೇ, ಆಹಾರ ವಿಕಿರಣಶೀಲವಾಗುತ್ತದೆ ಎಂದು ನಾನೂ ಹೇಳುವುದಿಲ್ಲ. ನನ್ನ ತಕರಾರು ಬೇರೆ. ಕೊಳಕಾಗಿ ಸಂಸ್ಕರಿಸಿದ ಪದಾರ್ಥವನ್ನು ಕೊನೆಯಲ್ಲಿ ಒಮ್ಮೆ ಕಿರಣಕ್ಕೆ ಒಡ್ಡಿ "ಶುದ್ಧ" ಎಂದು ಮಾರುವುದಕ್ಕೆ ಇದು ನೆಪವಾಗಬಾರದು. ಪೊಟ್ಟಣದ ಮೇಲೆ ಗುರುತು ಕಡ್ಡಾಯವಾಗಿರಲಿ, ಕೊಳ್ಳುವವರು ನಿರ್ಧರಿಸಲಿ.

ಗದ್ದೆಬದು
ಗುರುತು ಇರಲೇಬೇಕು, ಅದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ಆದರೆ ಒಮ್ಮೆ ಬಳಸಿ ಎಸೆಯುವ ಸಿರಿಂಜು, ಕೈಗವಸು, ಹೊಲಿಗೆ ದಾರಗಳಲ್ಲಿ ಎಷ್ಟೋ ಪಾಲು ಇದೇ ಕೋಬಾಲ್ಟಿನ ಕಿರಣದಿಂದ, ಅದೂ ಸಾಮಾನ್ಯವಾಗಿ 25 ಕಿಲೋಗ್ರೇ ಪ್ರಮಾಣದಲ್ಲಿ ಶುದ್ಧಗೊಂಡು ಬರುತ್ತದೆ. ಅಲ್ಲಿ ಯಾರೂ ಹೆದರುವುದಿಲ್ಲ, ಏಕೆಂದರೆ ಯಾರೂ ಹೇಳುವುದಿಲ್ಲ.

ಹೊಸ ಸದಸ್ಯ
ಮೊಬೈಲ್ ಗೋಪುರಗಳ ವಿಕಿರಣವೂ ಇದೇ ಅಲ್ಲವೇ? ಅದರ ಬಗ್ಗೆ ಯಾರೂ ಮಾತನಾಡುತ್ತಿಲ್ಲವಲ್ಲ.

ಹಳೆಯ ಮೇಷ್ಟ್ರು
ಅಲ್ಲ. ಮೊಬೈಲಿನದು ರೇಡಿಯೋ ತರಂಗ. ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತು ಅಯಾನುಗೊಳಿಸುವಷ್ಟು ಶಕ್ತಿ ಅದಕ್ಕಿಲ್ಲ. ಗಾಮಾ ಕಿರಣಕ್ಕಿದೆ, ಅದಕ್ಕೇ ಅದು ಜೀವಕೋಶದ ಡಿಎನ್‌ಎಯನ್ನು ಕತ್ತರಿಸುತ್ತದೆ. ಆ ಚರ್ಚೆಯನ್ನು ಬೇರೆ ಕಡೆ ಆರಂಭಿಸಿದರೆ ಅಲ್ಲಿಯೂ ಬರುತ್ತೇನೆ. ಪದದ ಭಯ ಎಂದಾಗ ನೆನಪಾಯಿತು: ಎಂಆರ್‌ಐ ಸ್ಕ್ಯಾನಿಗೆ ಮೊದಲು "ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್" ಎಂಬ ಹೆಸರೇ ಇತ್ತು. ಅದರಲ್ಲಿ ವಿಕಿರಣಶೀಲ ವಸ್ತು ಒಂದಿಷ್ಟೂ ಇಲ್ಲ. ರೋಗಿಗಳು ಆ ಒಂದು ಪದಕ್ಕೆ ಬೆದರುತ್ತಾರೆಂದು ಅದನ್ನು ಹೆಸರಿನಿಂದಲೇ ಕೈಬಿಟ್ಟರು.

ಪಾಳಿಯ ದಾದಿ
ನಾನು ಕ್ಯಾನ್ಸರ್ ವಾರ್ಡಿನಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿನ ಎಲ್ಲರೂ ಅಪಾಯದ ಲೆಕ್ಕ ಹಾಕುತ್ತಿದ್ದೀರಿ. ವಿಕಿರಣ ಸಿಗದೆ ಸಾಯುವವರ ಲೆಕ್ಕವನ್ನೂ ದಯವಿಟ್ಟು ಹಾಕಿ. ಆಫ್ರಿಕಾದ 20ಕ್ಕೂ ಹೆಚ್ಚು ದೇಶಗಳಲ್ಲಿ ವಿಕಿರಣ ಚಿಕಿತ್ಸೆಯ ಒಂದು ಯಂತ್ರವೂ ಇಲ್ಲವೆಂದು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯೇ 2022ರಲ್ಲಿ ಇದಕ್ಕಾಗಿ ಅಭಿಯಾನ ಆರಂಭಿಸುವಾಗ ಹೇಳಿತ್ತು. ಗರ್ಭಕೊರಳಿನ ಕ್ಯಾನ್ಸರಿಗೆ ವಿಕಿರಣ ಇದ್ದರೆ ಬದುಕುವ ಹೆಣ್ಣುಮಕ್ಕಳು ಅಲ್ಲಿ ನೋವಿನ ಮಾತ್ರೆಯೊಂದರಲ್ಲೇ ದಿನ ದೂಡುತ್ತಾರೆ.

ಸ್ಕ್ಯಾನುಗಳಿಗೆ ಬೇಕಾದ ಟೆಕ್ನೀಷಿಯಂ-99ಎಂ ಕೂಡ ಹಾಗೆಯೇ. ಅದರ ಅರ್ಧಾಯುಷ್ಯ ಬರೀ 6 ಗಂಟೆ, ಕೂಡಿಡಲು ಬರುವುದಿಲ್ಲ. ಅದರ ಮೂಲಧಾತುವನ್ನು ತಯಾರಿಸುವ ರಿಯಾಕ್ಟರುಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಕೆನಡಾ ಮತ್ತು ನೆದರ್ಲೆಂಡ್ಸಿನ ಎರಡು ಹಳೆಯ ರಿಯಾಕ್ಟರುಗಳು 2009-10ರಲ್ಲಿ ನಿಂತಾಗ ಎಷ್ಟೋ ದೇಶಗಳಲ್ಲಿ ಹೃದಯದ, ಮೂಳೆಯ ಸ್ಕ್ಯಾನುಗಳನ್ನು ಮುಂದೂಡಬೇಕಾಯಿತು.

ಕಡತಪ್ರಿಯ
ಹಾಗಾದರೆ ಆ ದೇಶಗಳಿಗೆ ಕೋಬಾಲ್ಟ್ ಯಂತ್ರ ಕೊಡಬೇಕೋ, ವಿದ್ಯುತ್ತಿನಿಂದ ಕಿರಣ ಹುಟ್ಟಿಸುವ ಲೀನಿಯರ್ ಆಕ್ಸಿಲರೇಟರ್ ಕೊಡಬೇಕೋ? ಎರಡನೆಯದನ್ನು ಆರಿಸಿದರೆ ಗುಜರಿಗೆ ಸೇರುವ ಆಕರವೇ ಇರುವುದಿಲ್ಲ.

ಅಳತೆಗಾರ
ಅದು ನಮ್ಮ ವೃತ್ತಿಯಲ್ಲೇ ಇತ್ಯರ್ಥವಾಗದ ವಾದ. ಆಕ್ಸಿಲರೇಟರಿಗೆ ನಿಲ್ಲದ ವಿದ್ಯುತ್ತು, ತಂಪು ನೀರು, ಕರೆದ ಕೂಡಲೇ ಬರುವ ಎಂಜಿನಿಯರು ಬೇಕು. ಕೋಬಾಲ್ಟ್ ಯಂತ್ರ ಸರಳ, ಆದರೆ 5.27 ವರ್ಷಕ್ಕೆ ಅದರ ಆಕರ ಅರ್ಧಕ್ಕಿಳಿಯುತ್ತದೆ, ಆಗ ಹೊಸದನ್ನು ತರಬೇಕು, ಹಳೆಯದನ್ನು ಹಿಂದಿರುಗಿಸಬೇಕು. ಕೊಂಡ ದಿನವೇ ಹಳೆಯದನ್ನು ಮರಳಿ ಪಡೆಯುವ ಒಪ್ಪಂದಕ್ಕೂ ಸಹಿ ಹಾಕಿಸಿಕೊಂಡರೆ ಗೋಯಾನಿಯಾ ಮರುಕಳಿಸುವುದಿಲ್ಲ. ಕೆಟ್ಟು ನಿಂತ ಆಕ್ಸಿಲರೇಟರಿಗಿಂತ ನಡೆಯುವ ಕೋಬಾಲ್ಟ್ ಮೇಲು ಎಂಬುದು ನನ್ನ ನಿಲುವು.

ಸಂದೇಹವಾದಿ
ಇಷ್ಟೆಲ್ಲ ಹೇಳಿದ ಮೇಲೆ ಒಂದು ನೇರ ಪ್ರಶ್ನೆ: ಅಲ್ಪ ಪ್ರಮಾಣದ ವಿಕಿರಣ ನಿರಪಾಯಕಾರಿ ಎಂದು ನೀವು ಹೇಳಬಲ್ಲಿರಾ?

ಅಳತೆಗಾರ
ಪೂರ್ಣ ನಿರಪಾಯಕಾರಿ ಎಂದು ಹೇಳುವುದಿಲ್ಲ. ಹಿರೋಶಿಮಾ, ನಾಗಾಸಾಕಿಯ ಸುಮಾರು 1,20,000 ಜನರನ್ನು 1950ರಿಂದ ಅನುಸರಿಸುತ್ತ ಬಂದ ಅಧ್ಯಯನದಲ್ಲಿ, ಹೆಚ್ಚು ವಿಕಿರಣ ತಾಗಿದವರಿಗೆ ಕ್ಯಾನ್ಸರ್ ಹೆಚ್ಚು ಎಂಬುದು ಸ್ಪಷ್ಟವಾಗಿದೆ. ಸುಮಾರು 100 ಮಿಲಿಸೀವರ್ಟಿಗಿಂತ (ದೇಹಕ್ಕೆ ತಾಗಿದ ವಿಕಿರಣದ ಅಳತೆ) ಕೆಳಗೆ ಆ ಹೆಚ್ಚಳ ಉಳಿದ ಕಾರಣಗಳ ಕ್ಯಾನ್ಸರಿನ ನಡುವೆ ಬೇರೆಯಾಗಿ ಕಾಣದಷ್ಟು ಚಿಕ್ಕದು. ಅದು ಸೊನ್ನೆಯಲ್ಲವೆಂದು ಭಾವಿಸಿಯೇ ನಾವು ನಿಯಮ ರೂಪಿಸುತ್ತೇವೆ. ನೆಲ, ಗಾಳಿ, ಆಕಾಶಗಳಿಂದ ಪ್ರತಿಯೊಬ್ಬರಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಬರುತ್ತದೆ. ಮನುಷ್ಯರು ಮಾಡುವ ಕೆಲಸದಿಂದ ಸಾರ್ವಜನಿಕರಿಗೆ, ವೈದ್ಯಕೀಯ ಬಳಕೆ ಬಿಟ್ಟು, ಅದರ ಮೇಲೆ 1 ಮಿಲಿಸೀವರ್ಟಿಗಿಂತ ಹೆಚ್ಚು ಸೇರಬಾರದು ಎಂಬುದು ಮಿತಿ.

ಇನ್ನೂ ಒಂದು ಮಾತು. ಚೆರ್ನೊಬಿಲ್ ಅಣುಸ್ಥಾವರದ ಅವಘಡದಲ್ಲಿ, 1986ರಲ್ಲಿ, ಅಯೋಡಿನ್-131 ಬಿದ್ದ ಹುಲ್ಲು ಮೇಯ್ದ ಹಸುಗಳ ಹಾಲನ್ನು ಮಕ್ಕಳು ಕುಡಿಯದಂತೆ ಕೂಡಲೇ ತಡೆದಿದ್ದರೆ, ಮುಂದೆ ಬಂದ ಸಾವಿರಾರು ಥೈರಾಯ್ಡ್ ಕ್ಯಾನ್ಸರುಗಳಲ್ಲಿ ಎಷ್ಟೋ ತಪ್ಪುತ್ತಿತ್ತು. ಅಲ್ಲಿ ಜನರಿಗೆ ತಿಳಿಸದೆ ಇದ್ದದ್ದು ಕೊಂದಿತು. ಜಪಾನಿನ ಫುಕುಶಿಮಾ ಅಣುಸ್ಥಾವರದ ಅವಘಡವಾದಾಗ, 2011ರಲ್ಲಿ, ಹಾಸಿಗೆ ಹಿಡಿದ ವೃದ್ಧರನ್ನು ಆಸ್ಪತ್ರೆಗಳಿಂದ ಆತುರಾತುರವಾಗಿ ಬಸ್ಸುಗಳಿಗೆ ಹತ್ತಿಸಿ ಸಾಗಿಸುವಾಗ ಅನೇಕರು ದಾರಿಯಲ್ಲೇ ಸತ್ತರು. ಅಲ್ಲಿ ಕೊಂದದ್ದು ವಿಕಿರಣವಲ್ಲ, ಗಾಬರಿ. ಆ ಊರುಗಳಿಂದ ಬಂದ ಮಕ್ಕಳನ್ನು ಹೊಸ ಶಾಲೆಗಳಲ್ಲಿ ಸಹಪಾಠಿಗಳು ಹೀಯಾಳಿಸಿದರು, ಬಾಂಬಿನಿಂದ ಬದುಕುಳಿದವರಿಗೆ ಹಿಂದೆ ಹೆಣ್ಣು ಗಂಡು ಕೊಡಲು ಹಿಂಜರಿದಂತೆ.

ಸಂದೇಹವಾದಿ
ನೇರವಾಗಿ ಉತ್ತರಿಸಿದಿರಿ, ಅದಕ್ಕೆ ಗೌರವವಿದೆ. "ಸೊನ್ನೆ" ಎಂದಿದ್ದರೆ ಈ ಚರ್ಚೆಯಿಂದ ಎದ್ದು ಹೋಗುತ್ತಿದ್ದೆ.

ನಿತ್ಯ ಓದುಗಿ
ಎಲ್ಲರ ಮಾತನ್ನೂ ಅಕ್ಕನಿಗೆ ಓದಿ ಹೇಳಿದೆ. ಹುಡುಗಿಯರ ಕುಂಚದ ವಿಷಯ ಬಂದಾಗ ಆಕೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದಳು. ಮುಂದಿನ ತಪಾಸಣೆಗೆ ಹೋದಾಗ ಮೀಟರ್ ಹಿಡಿಸಿ, "ಏನೂ ಇಲ್ಲ" ಎಂದು ಬರೆಸಿ ತರೋಣವೇ ಎಂದು ಕೇಳಿದೆ. ಆಕೆ ಒಪ್ಪಲಿಲ್ಲ. "ಕ್ರೀಡಾಂಗಣದ ಸಾಲಿನಲ್ಲಿ ನಿಂತವರ ಹಾಗೆ ನಾನೂ ಚೀಟಿ ಹಿಡಿದು ಮನೆಮನೆಗೆ ತೋರಿಸಬೇಕೇ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಪಾಳಿಯ ದಾದಿ
ಆಕೆಯ ಮಾತು ಸರಿ, ಬಲವಂತ ಮಾಡಬೇಡಿ. ನಿಮ್ಮ ಮೊದಲ ಬರಹದ ಒಂದು ಮಾತು ನನ್ನ ತಲೆಯಲ್ಲಿ ಕೊರೆಯುತ್ತಲೇ ಇದೆ. "ಆರು ತಿಂಗಳು" ಎಂದು ನೆರೆಯವರಿಗೆ ಯಾರು ಹೇಳಿದರು? ನಾವು ಚಿಕಿತ್ಸೆ ಪಡೆದ ಹೆಣ್ಣುಮಕ್ಕಳಿಗೆ ಆರರಿಂದ ಹನ್ನೆರಡು ತಿಂಗಳು ಗರ್ಭ ಧರಿಸಬೇಡಿ ಎಂದು ಹೇಳುತ್ತೇವೆ. ಅದು ಆಕೆಗೂ ಆಕೆಗೆ ಹುಟ್ಟಲಿರುವ ಮಗುವಿಗೂ ಸಂಬಂಧಿಸಿದ ಸಲಹೆ, ಹಾರ್ಮೋನು ಸ್ಥಿರಗೊಳ್ಳಲಿ, ಮತ್ತೆ ಚಿಕಿತ್ಸೆ ಬೇಕಾದರೆ ತೊಡಕಾಗದಿರಲಿ ಎಂಬ ಉದ್ದೇಶವೂ ಅದರಲ್ಲಿದೆ. ಪಕ್ಕದ ಮನೆಯ ಮಕ್ಕಳಿಗೂ ಅದಕ್ಕೂ ಸಂಬಂಧವಿಲ್ಲ. ಬಹುಶಃ ಯಾರೋ ಆ ಮಾತನ್ನು ಅರ್ಧ ಕೇಳಿಸಿಕೊಂಡಿದ್ದಾರೆ.

ನಿತ್ಯ ಓದುಗಿ
ದಾದಿಯವರೇ, ನಿಮ್ಮ ಊಹೆ ನಿಜವಾಯಿತು. ಆಸ್ಪತ್ರೆಯಿಂದ ಬಂದ ವಾರ ಅಮ್ಮನೇ ಫೋನಿನಲ್ಲಿ ಯಾರಿಗೋ "ಆರು ತಿಂಗಳು ಮಗುವಿನ ವಿಷಯದಲ್ಲಿ ಎಚ್ಚರ ಅಂದಿದ್ದಾರೆ" ಎಂದಿದ್ದರಂತೆ. ಅದು ಮೆಟ್ಟಿಲಿನಿಂದ ಮೆಟ್ಟಿಲಿಗೆ ಬೇರೆ ಅರ್ಥದಲ್ಲಿ ಏರಿದೆ. ನಿನ್ನೆ ಸಂಜೆ ನಾನೊಬ್ಬಳೇ ಮೇಲಿನ ಮನೆಗೆ ಹೋಗಿ, ಲಿಫ್ಟಿನಿಂದ ಹೊರಬಂದ ಆ ತಾಯಿಯ ಎದುರು ಕುಳಿತು, ಅಳತೆಗಾರರು ಹೇಳಿದಂತೆ ಕಾಗದದ ಮೇಲೆ ಅರ್ಧ, ಕಾಲು, ಅರೆಕಾಲು ಎಂದು ಹದಿನೈದು ಸಾಲು ಬರೆದು ತೋರಿಸಿದೆ. ಮೊದಲ ಮೂರು ವಾರ ನಿಜಕ್ಕೂ ದೂರವಿರಬೇಕಿತ್ತು ಎಂಬುದನ್ನೂ ಮುಚ್ಚಿಡಲಿಲ್ಲ. ಅವರು ಕೊನೆಯ ಸಾಲನ್ನು ಎರಡು ಸಲ ಓದಿ, ಸೋಮವಾರದಿಂದ ಮಗಳನ್ನು ಪಾಠಕ್ಕೆ ಕಳುಹಿಸುತ್ತೇನೆ ಎಂದರು. ಉಳಿದ ಎಂಟು ಮನೆಗಳಿಗೆ ಇನ್ನೂ ಹೋಗಿಲ್ಲ. ಅವರ ಒಂದು ಪ್ರಶ್ನೆಗೆ ಮಾತ್ರ ನನಗೆ ಉತ್ತರ ಗೊತ್ತಿರಲಿಲ್ಲ: ಆ ಮೂರು ವಾರ ಅಕ್ಕ ಬಳಸಿದ ಹಾಸಿಗೆ, ಪುಸ್ತಕಗಳು ಪಾಠದ ಕೋಣೆಯಲ್ಲೇ ಇವೆ, ಅವುಗಳನ್ನು ಎಸೆಯಬೇಕೇ?

ಅಳತೆಗಾರ
ಬೇಡ. ಹಾಸಿಗೆಗೂ ಪುಸ್ತಕಕ್ಕೂ ಅದೇ ಹದಿನೈದು ಸಾಲು ಅನ್ವಯಿಸುತ್ತದೆ.